ಸದಸ್ಯರು ಒಪ್ಪಿದ್ದಾರೆ

ಕನ್ನಡದಲ್ಲಿ ನನಗೆ ಸಿಟ್ಟು ಬರಿಸುವ ಅಕ್ಷರ ಒಂದಿದೆ. ಅದು ‘ರು’. ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು. ಗೌರವಕ್ಕೆಂದು ಹಚ್ಚುತ್ತಾರೆ, ಸರಿ. ಆದರೆ ಹಚ್ಚಿದ ಮೇಲೆ ಒಳಗಿರುವುದು ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ. ‘ಅಧ್ಯಕ್ಷರು ಹೇಳಿದ್ದಾರೆ’ ಅಂದರೆ ಯಾರು ಹೇಳಿದ್ದು? ‘ಸದಸ್ಯರು ಬಂದು ನೋಡಿದ್ದಾರೆ’ ಅಂದರೆ ಯಾರು ಬಂದದ್ದು, ಯಾರು ನೋಡಿದ್ದು? ಇಷ್ಟು ಸಣ್ಣ ಅಕ್ಷರದ ಮರೆಯಲ್ಲಿ ಅಷ್ಟೊಂದು ಗಂಡಂದಿರು ಆರಾಮಾಗಿ ಕೂತಿದ್ದಾರೆ ಎಂದು ತಿಳಿಯಲು ನಾನು ಊರೂರು ತಿರುಗಬೇಕಾಯಿತು.

ನಾನು ಒಂದು ಅವಧಿಗೆ ಮಂಗಳೂರು ನಗರಪಾಲಿಕೆಯ ಸದಸ್ಯೆಯಾಗಿದ್ದೆ. ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ಪಕ್ಷದವರು ಮೊದಲು ಹುಡುಕಿಕೊಂಡು ಬಂದದ್ದು ನನ್ನ ಗಂಡನನ್ನು. ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯ ಹತ್ತಿರ ಅವರದ್ದು ಬೋಟಿನ ಇಂಜಿನ್ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪ್ ಇದೆ. ಮೀನುಗಾರರೆಲ್ಲ ಗೊತ್ತು, ಯಾರೊಂದಿಗೂ ಜಗಳವಿಲ್ಲ. “ನಿಮ್ಮ ಮನೆಯವರನ್ನು ನಿಲ್ಲಿಸ್ತೀರಾ?” ಎಂದು ಬಂದವರು ಅವರನ್ನು ಕೇಳಿದರು. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. “ನಿಲ್ಲುವುದು ಅವಳಲ್ವಾ, ಅವಳನ್ನೇ ಕೇಳಿ ಮಾರಾಯ್ರೆ” ಎಂದು ಹೇಳಿ ಇವರು ಗ್ರೀಸು ಮೆತ್ತಿದ ಕೈ ತೊಳೆಯಲು ಹಿಂದಕ್ಕೆ ಹೋದರು. ಆವತ್ತು ನನಗೆ ಗಂಡನ ಮೇಲೆ ಎಷ್ಟು ಪ್ರೀತಿ ಬಂದಿತ್ತೆಂದು ಈಗಲೂ ಹೇಳಬಲ್ಲೆ.

ನಮ್ಮದು ಕಡಲಿನವರ ಮನೆ. ಹೆಂಗಸರು ಗಂಡಸರ ಹಿಂದೆ ನಿಲ್ಲುವ ಪದ್ಧತಿ ನಾನು ಕಂಡದ್ದು ಮದುವೆಯ ಫೋಟೋಗಳಲ್ಲಿ ಮಾತ್ರ. ಅಪ್ಪ ಮೀನು ಹಿಡಿದು ತರುತ್ತಿದ್ದರು, ಅಲ್ಲಿಗೆ ಅವರ ಕೆಲಸ ಮುಗಿಯಿತು. ಯಾವ ಮೀನು ಎಲ್ಲಿ ಮಾರಬೇಕು, ಯಾರಿಗೆ ಎಷ್ಟಕ್ಕೆ ಬಿಡಬೇಕು ಎಂಬುದೆಲ್ಲ ಅಮ್ಮನದ್ದು. ದಕ್ಕೆಯಲ್ಲಿ ಏಲಂ ಕೂಗುವಾಗ ಅಮ್ಮನ ಧ್ವನಿ ಎದ್ದರೆ ಉಳಿದವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಅವಳು ಅಪ್ಪನನ್ನು ಕೇಳಿ ಕೂಗಿದವಳಲ್ಲ. ಹಾಗಾಗಿ ಬೇರೆ ಊರುಗಳಲ್ಲಿ ಹೆಂಡತಿಯ ಕುರ್ಚಿಯಲ್ಲಿ ಗಂಡ ಕೂರುತ್ತಾನಂತೆ ಎಂದು ಕೇಳಿದಾಗ, ಅದು ಘಟ್ಟದ ಮೇಲಿನವರ ಕಾಯಿಲೆ, ನಮಗೆ ಅಂಟುವುದಿಲ್ಲ ಎಂದು ನಾನು ನಿಶ್ಚಿಂತೆಯಿಂದ ಇದ್ದೆ.

ನಾನು ತಿರುಗಾಡಲು ಹೊರಟದ್ದು ಮೀನು ಮಾರುವ ಹೆಂಗಸರಿಗಾಗಿ. ವಾರ್ಡಿನ ಹಳೆಯ ಮೀನು ಮಾರ್ಕೆಟನ್ನು ಹೊಸದು ಕಟ್ಟುತ್ತೇವೆಂದು ಕೆಡವಿ ಹಾಕಿದ್ದರು. ಹೊಸದರ ಕಂಬಗಳು ಎದ್ದು, ಮೇಲೆ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತಾ ನಿಂತಿದ್ದವು. ಹೆಂಗಸರು ಜಂಕ್ಷನ್ನಿನ ಪಕ್ಕದ ಹಳೆಯ ಗೋದಾಮಿನ ಗೋಡೆಯ ಬುಡದಲ್ಲಿ, ಗೋಳಿಮರದ ನೆರಳಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ನೆರಳು ಇತ್ತು, ಗಿರಾಕಿ ಇದ್ದರು. ಶೌಚಾಲಯ ಇರಲಿಲ್ಲ. ಬೆಳಿಗ್ಗೆ ದಕ್ಕೆಯಿಂದ ಬಂದವರು ವ್ಯಾಪಾರ ಮುಗಿಯುವ ತನಕ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಉರಿಮೂತ್ರ ಎಂದು ಆಸ್ಪತ್ರೆಗೆ ಹೋಗದವರು ಅವರಲ್ಲಿ ಯಾರೂ ಇರಲಿಲ್ಲ. ಎದುರಿನ ಹೊಸ ಕಾಂಪ್ಲೆಕ್ಸಿನವರು ಬೇರೆ, ವಾಸನೆ ಬರುತ್ತದೆ, ಇವರನ್ನು ಎಬ್ಬಿಸಿ ಎಂದು ಅರ್ಜಿ ಮೇಲೆ ಅರ್ಜಿ ಹಾಕುತ್ತಿದ್ದರು. ಮಧ್ಯಾಹ್ನವಾದರೆ ಅದೇ ಕಾಂಪ್ಲೆಕ್ಸಿನ ಮೇಲಿನ ಹೋಟೆಲಿನಲ್ಲಿ ಬಂಗುಡೆ ಫ್ರೈಗೆ ಜನ ಕಾದು ನಿಲ್ಲುತ್ತಿದ್ದರು. ಅಲ್ಲಿ ಅದು ವಾಸನೆಯಲ್ಲ, ಪರಿಮಳ.

ಆ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು ಒಂದು ಕಾಲದಲ್ಲಿ ನನ್ನ ಅಮ್ಮನ ಪಕ್ಕದಲ್ಲೇ ಬುಟ್ಟಿ ಇಟ್ಟು ಕೂರುತ್ತಿದ್ದವಳು. ನಾನು ಅವಳನ್ನು ದೊಡ್ಡಮ್ಮ ಎನ್ನುತ್ತೇನೆ. ಅವಳಿಗೆ ನಾನು ಮಗಳು, ನನ್ನ ಗಂಡ ಅಳಿಯ. “ಮಗಾ, ನೀನು ಗೆದ್ದದ್ದು ನಮಗೆ ಒಂದು ಕಕ್ಕಸು ಆಗ್ಲಿಕ್ಕೆ. ಬೇರೆ ಎಂತ ಬೇಡ” ಎಂದು ಅವಳು ಹೇಳಿದ್ದಳು. ಹೊಸ ಕಟ್ಟಡ ಮುಗಿಯುವವರೆಗೆ ಅದೇ ಮರದಡಿ ಕೂರಲು ಬಿಡಬೇಕು, ಒಂದು ಶೌಚಾಲಯ ಕೊಡಬೇಕು. ಇಷ್ಟೇ ಅವರ ಬೇಡಿಕೆ, ಇಷ್ಟೇ ನನ್ನದು.

ಪಾಲಿಕೆಯಲ್ಲಿ ಈ ಮಾತು ಎತ್ತಿದಾಗಲೆಲ್ಲ ನಮ್ಮ ಕಡೆಯ ಇಂಜಿನಿಯರು ತಲೆ ಕೆರೆದುಕೊಳ್ಳುತ್ತಿದ್ದರು. “ಮಾಡ್ಬಹುದು ಮೇಡಂ, ಆದರೆ ಎಲ್ಲಿಯಾದ್ರೂ ಮಾಡಿದ ಮಾದರಿ ಉಂಟಾ? ಮಾದರಿ ಇದ್ದರೆ ಮೇಲಿನವರಿಗೆ ತೋರಿಸ್ಲಿಕ್ಕೆ ಸುಲಭ ಆಗ್ತದೆ.” ಒಂದು ಕಕ್ಕಸಿಗೆ ಮಾದರಿ! ಅವರ ಮನೆಯಲ್ಲಿ ಇರಲಿಲ್ಲವೋ ಏನೋ. ಆದರೂ ಹಲ್ಲು ಕಚ್ಚಿಕೊಂಡು ವಿಚಾರಿಸಿದೆ. ಘಟ್ಟದ ಮೇಲಿನ ಒಂದು ಪುರಸಭೆಯಲ್ಲಿ ಮಹಿಳಾ ಅಧ್ಯಕ್ಷರು ಬೀದಿ ವ್ಯಾಪಾರದ ಹೆಂಗಸರಿಗೆಂದೇ ಮಾರುಕಟ್ಟೆ ಮಾಡಿ, ಶೌಚಾಲಯವನ್ನೂ ಕಟ್ಟಿಸಿದ್ದಾರೆ ಎಂದು ತಿಳಿಯಿತು. ಫೋನ್ ಮಾಡಿದೆ. “ಅಧ್ಯಕ್ಷರು ಸಿಗ್ತಾರಾ?” ಎಂದು ಕೇಳಿದೆ. “ಸಿಕ್ತಾರೆ ಬನ್ನಿ ಮೇಡಂ, ಅಧ್ಯಕ್ಷರು ದಿನಾ ಬರ್ತಾರೆ” ಎಂದು ಆ ಕಡೆಯ ಗುಮಾಸ್ತ ಉತ್ಸಾಹದಿಂದ ಹೇಳಿದ.

ನನ್ನ ಜೊತೆಗೆ ಹೊರಟವಳು ಕಂಕನಾಡಿ ಕಡೆಯ ಸದಸ್ಯೆ. ಅವಳದ್ದು ವಿರೋಧ ಪಕ್ಷ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್, ನಿವೃತ್ತ ಟೀಚರ್. ಸಭೆಯಲ್ಲಿ ನಾವಿಬ್ಬರೂ ಎದುರಾಬದುರು ಕೂತು ಕಿರುಚಾಡುತ್ತಿದ್ದೆವು, ಮುಗಿದ ಮೇಲೆ ಒಟ್ಟಿಗೆ ಚಾ ಕುಡಿಯುತ್ತಿದ್ದೆವು. ಅವಳು ಮದುವೆಯಾಗಿಲ್ಲ. ಫೋನ್ ಮಾಡಲು ಗಂಡನೇ ಇಲ್ಲವಾದ್ದರಿಂದ ಅಧಿಕಾರಿಗಳು ಅವಳ ಅಣ್ಣನಿಗೆ ಮಾಡುತ್ತಿದ್ದರು. ಆ ಅಣ್ಣ ಇರುವುದು ಕುವೈಟಿನಲ್ಲಿ. ಅವಳ ವಾರ್ಡಿನ ಚರಂಡಿ ಕಟ್ಟಿಕೊಂಡರೆ ಸುದ್ದಿ ಕುವೈಟಿಗೆ ಹೋಗಿ ಅವಳಿಗೆ ವಾಪಸು ಬರುತ್ತಿತ್ತು. ಬಸ್ಸಿನಲ್ಲಿ ಅವಳು ಇದನ್ನು ಹೇಳಿದಾಗ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಗ ನಗು ಬರುತ್ತಿತ್ತು.

ಪುರಸಭೆಯ ಬಾಗಿಲಲ್ಲಿ ‘ಶ್ರೀಮತಿ’ ಎಂದು ಶುರುವಾಗುವ ಹಿತ್ತಾಳೆಯ ನಾಮಫಲಕ ಫಳಫಳ ಹೊಳೆಯುತ್ತಿತ್ತು. ಒಳಗೆ, ಬಿಳಿ ಟರ್ಕಿ ಟವೆಲು ಹೊದಿಸಿದ ದೊಡ್ಡ ಕುರ್ಚಿಯಲ್ಲಿ ಒಬ್ಬ ಗಂಡಸು ಕೂತಿದ್ದ. ನಾವು ಅಧ್ಯಕ್ಷರು ಇನ್ನೂ ಬಂದಿಲ್ಲವೆಂದುಕೊಂಡು ಎದುರಿನ ಕುರ್ಚಿಗಳಲ್ಲಿ ಕೂತೆವು. ಕಾಫಿ ಬಂತು. ಅವನು ತನ್ನ ಊರಿನ ಕುಡಿಯುವ ನೀರು, ಬೀದಿದೀಪ, ಬೀದಿನಾಯಿ ಎಲ್ಲದರ ವರದಿ ಒಪ್ಪಿಸಿದ. ಕೊನೆಗೆ ಟೀಚರಿಗೆ ತಾಳ್ಮೆ ತಪ್ಪಿತು.

“ಅಧ್ಯಕ್ಷರು ಯಾವಾಗ ಬರ್ತಾರೆ?”

“ಹೇಳಿ ಮೇಡಂ, ನಾನೇ.”

“ನೀವು ಶ್ರೀಮತಿಯಾ?”

ಅವನು ಒಂಚೂರೂ ನಾಚಲಿಲ್ಲ. “ನಾನು ಅಧ್ಯಕ್ಷರ ಮನೆಯವ್ರು” ಎಂದು ಹಲ್ಲು ಬಿಟ್ಟು ನಕ್ಕ. “ಎಲ್ಲಾ ಒಂದೇ ಬಿಡಿ. ಅವ್ರಿಗೆ ಇದೆಲ್ಲ ಗೊತ್ತಾಗಲ್ಲ. ಸೈನಿಗೆ ಫೈಲು ಮನೆಗೇ ಹೋಗುತ್ತೆ. ಊಟ ಅಲ್ಲೇ ಮಾಡ್ಸಿದೀನಿ, ಮೇಡಂ ನಿಮಗೋಸ್ಕರ ಕೋಳಿ ಸಾರು ಮಾಡ್ತಿದಾರೆ.”

ಮೈ ಉರಿಯಿತು. ಒಂದು ಊರಿನ ಜನ ಆರಿಸಿ ಕಳಿಸಿದ ಅಧ್ಯಕ್ಷೆ ಮನೆಯಲ್ಲಿ ನಮಗೆ ಕೋಳಿ ಸಾರು ಮಾಡುತ್ತಿದ್ದಾಳೆ, ಅವಳ ಕುರ್ಚಿಯಲ್ಲಿ ಇವನು ಕಾಲು ಅಲ್ಲಾಡಿಸುತ್ತಿದ್ದಾನೆ. ಮೊದಲು ಮಾರುಕಟ್ಟೆ ತೋರಿಸಿ ಎಂದೆ. ತೋರಿಸಿದ. ‘ಮಹಿಳಾ ಮಾರುಕಟ್ಟೆ’ ಎಂದು ದೊಡ್ಡದಾಗಿ ಬರೆಸಿದ್ದರು. ಒಳಗೆ ಸಾಲಾಗಿ ಮೊಬೈಲ್ ಅಂಗಡಿ, ಚಪ್ಪಲಿ ಅಂಗಡಿ, ಒಂದು ಕೋಳಿ ಅಂಗಡಿ. ಎಲ್ಲದರಲ್ಲೂ ಗಂಡಸರು. ಹೆಂಗಸರ ಹೆಸರಿನಲ್ಲಿ ಮಳಿಗೆ ತೆಗೆದುಕೊಂಡ ಗಂಡಂದಿರು, ಮೈದುನಂದಿರು. ಸೊಪ್ಪು ಮಾರುವ ಹೆಂಗಸರು ಹೊರಗೆ ಬಿಸಿಲಿನಲ್ಲಿ ಗೋಣಿ ಹಾಸಿಕೊಂಡು ಕೂತಿದ್ದರು. ಶೌಚಾಲಯವೇನೋ ಇತ್ತು. ಅದಕ್ಕೆ ಬೀಗ ಹಾಕಿತ್ತು.

“ಬೀಗ ಎಂತಕ್ಕೆ?” ಎಂದು ಕೇಳಿದೆ.

“ಬಿಟ್ರೆ ಗಲೀಜು ಮಾಡ್ತಾರೆ ಮೇಡಂ.”

ಹೊಸ ಬಾಗಿಲು, ಹೊಸ ಬೀಗ, ಗೋಡೆಯ ಮೇಲೆ ಉದ್ಘಾಟನೆಯ ಕಲ್ಲು. ಗಲೀಜು ಆಗಬಾರದು ಎಂದು ಬೀಗ ಹಾಕಿದ ಕಕ್ಕಸನ್ನು ನಾನು ಮೊದಲ ಬಾರಿಗೆ ನೋಡಿದೆ. ಇದು ನಮ್ಮ ಇಂಜಿನಿಯರು ಕೇಳಿದ ಮಾದರಿ!

ಊಟಕ್ಕೆ ಹೋದೆವು. ಹೋಗಬಾರದಿತ್ತೇನೋ, ಆದರೆ ಆ ಹೆಂಗಸನ್ನು ನೋಡದೆ ತಿರುಗಿ ಬರಲು ಮನಸ್ಸಾಗಲಿಲ್ಲ. ಮೂವತ್ತರ ಆಸುಪಾಸಿನವಳು, ತೆಳ್ಳಗಿನ ಮುಖ. ನಮಗೆ ಬಡಿಸುತ್ತಾ “ಇನ್ನೊಂಚೂರು ಹಾಕ್ಲಾ?” ಎನ್ನುವುದು ಬಿಟ್ಟರೆ ಬೇರೆ ಮಾತೇ ಇಲ್ಲ. ಗಂಡ ಫೋನ್ ಬಂತೆಂದು ಅಂಗಳಕ್ಕೆ ಹೋದಾಗ, ಕೈ ತೊಳೆಯಲು ನೀರು ಕೊಡುವ ನೆವದಲ್ಲಿ ನನ್ನ ಹತ್ತಿರ ಬಂದಳು.

“ಅಕ್ಕ, ಮಾರ್ಕೆಟ್ ನೋಡಿದ್ರಂತೆ. ಟಾಯ್ಲೆಟ್ ಓಪನ್ ಇತ್ತಾ?”

“ಬೀಗ ಇತ್ತು” ಎಂದೆ.

ಅವಳು ತಂಬಿಗೆಯಲ್ಲಿದ್ದ ನೀರನ್ನು ನನ್ನ ಕೈಗೆ ಸುರಿದಳು, ಕೈ ತೊಳೆದಾದ ಮೇಲೂ ಸುರಿಯುತ್ತಲೇ ಇದ್ದಳು. ಗಂಡ ಒಳಗೆ ಬಂದ. ಅವಳು ತಂಬಿಗೆ ಹಿಡಿದು ಅಡುಗೆಮನೆಗೆ ಹೋದಳು. ನಾವಿಬ್ಬರೂ ವಾಪಸು ಬಸ್ಸು ಹತ್ತಿದೆವು. ಘಾಟಿ ಇಳಿದ ಮೇಲೆ ಟೀಚರ್ ಒಂದೇ ಮಾತು ಹೇಳಿದ್ದು: “ಅವಳ ಕೋಳಿ ಸಾರು ಚಂದ ಇತ್ತು, ಅದೇ ಬೇಜಾರು.”

ಆಮೇಲೆ ಇನ್ನೂ ಕೆಲವು ಊರುಗಳಿಗೆ ಹೋದೆ. ಎಲ್ಲ ಕಡೆ ಇದೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಊರಿನಲ್ಲಿ ಅಧ್ಯಕ್ಷೆ ಸ್ವತಃ ಸ್ಕೂಟರಿನಲ್ಲಿ ಬಂದು ನನ್ನನ್ನು ಹಿಂದೆ ಕೂರಿಸಿಕೊಂಡು ಕಸದ ಘಟಕ ತೋರಿಸಿದರು, ಕಂಟ್ರಾಕ್ಟರನ್ನು ನನ್ನೆದುರೇ ಬೈದು ನೀರಿಳಿಸಿದರು. ಅವರನ್ನು ಅಪ್ಪಿಕೊಳ್ಳಬೇಕು ಅನಿಸಿತು. ಆದರೆ ಅವರ ಊರಿನಲ್ಲಿ ಮೀನು ಮಾರ್ಕೆಟ್ಟೇ ಇರಲಿಲ್ಲ. ಉಳಿದ ಕಡೆಗಳಲ್ಲಿ ‘ಅಧ್ಯಕ್ಷರು’ ಎಂದು ಕೇಳಿಕೊಂಡು ಹೋದಾಗ ಎದ್ದು ಬಂದದ್ದು ಮೀಸೆಗಳು. ಒಂದು ಕಡೆ ಮಾವ. ಇನ್ನೊಂದು ಕಡೆ ತಮ್ಮ. ಆಮೇಲಾಮೇಲೆ ನಾನು ಫೋನಿನಲ್ಲಿ “ಅಧ್ಯಕ್ಷರು ಸೀರೆ ಉಟ್ಟವರಾ?” ಎಂದೇ ಕೇಳಲು ಶುರು ಮಾಡಿದೆ. ಆ ಕಡೆಯವರು ನನಗೆ ತಲೆ ಸರಿಯಿಲ್ಲವೆಂದು ತಿಳಿದಿರಬೇಕು.

ಕೊನೆಯ ಪ್ರಯಾಣ ಉತ್ತರದ ಒಂದು ದೊಡ್ಡ ಊರಿಗೆ. ರಾಜ್ಯದ ಬೇರೆ ಬೇರೆ ಊರುಗಳ ಪಾಲಿಕೆ, ನಗರಸಭೆ, ಪುರಸಭೆಗಳ ಮಹಿಳಾ ಪ್ರತಿನಿಧಿಗಳ ಸಮಾವೇಶ. ಇಲ್ಲಿ ಎಲ್ಲರೂ ಸೇರಿ ಬೀದಿ ವ್ಯಾಪಾರದ ಹೆಂಗಸರಿಗೆ ಜಾಗ, ಶೌಚಾಲಯ ಕಡ್ಡಾಯ ಮಾಡಬೇಕೆಂದು ಒಂದು ಬೇಡಿಕೆ ಮುಂದಿಟ್ಟರೆ ನಮ್ಮ ಇಂಜಿನಿಯರು ಇನ್ನು ಮಾದರಿ ಕೇಳುವಂತಿಲ್ಲ ಎಂಬ ಆಸೆ ನನಗೆ. ಟೀಚರೂ ಬಂದಿದ್ದಳು. ಸಭಾಂಗಣದ ಮುಂದಿನ ಸಾಲುಗಳಲ್ಲಿ ಹೆಂಗಸರು, ಹಿಂದಿನ ಸಾಲುಗಳಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಗಳು. “ಮಾನ್ಯ ಅಧ್ಯಕ್ಷರುಗಳು ಸನ್ಮಾನಕ್ಕೆ ವೇದಿಕೆಗೆ ಆಗಮಿಸಬೇಕು” ಎಂದು ಮೈಕಿನಲ್ಲಿ ಕರೆದ ಕೂಡಲೇ ಬಿಳಿ ಅಂಗಿಗಳೂ ಎದ್ದವು! ಹೆಂಡತಿಯ ಹೆಗಲಿಗೆ ಶಾಲು, ಗಂಡನ ತಲೆಗೆ ಪೇಟ, ಹಣ್ಣಿನ ಬುಟ್ಟಿ ಗಂಡನ ಕೈಗೆ, ಫೋಟೋ ಇಬ್ಬರದ್ದೂ. ಮದುವೆ ಆರತಕ್ಷತೆಯೋ ಸಮಾವೇಶವೋ ತಿಳಿಯದಂತಾಯಿತು. ಮಹಿಳಾ ಸಬಲೀಕರಣದ ಬಗ್ಗೆ ಒಬ್ಬ ಗಂಡಸು ಊಟದ ಹೊತ್ತು ಮೀರುವ ತನಕ ಮಾತಾಡಿದ. ನಾನು ಎದ್ದು ಮೈಕಿನ ಹತ್ತಿರ ಹೋಗಿ, ನಮ್ಮ ಊರಿನಲ್ಲಿ ಮೀನು ಮಾರುವ ಹೆಂಗಸರು ನೀರು ಕುಡಿಯುವುದಿಲ್ಲ, ಯಾಕೆ ಗೊತ್ತೇ ಎಂದು ಶುರು ಮಾಡಿದೆ. “ಸಮಯದ ಅಭಾವ” ಎಂದರು. ಸಮಯವನ್ನು ನುಂಗಿದವನು ಪಕ್ಕದಲ್ಲೇ ಪೇಟ ಸರಿ ಮಾಡಿಕೊಳ್ಳುತ್ತಾ ಕೂತಿದ್ದ.

ಊಟದ ಸಾಲಿನಲ್ಲಿ ಒಬ್ಬ ಪೇಟದವನು ನನ್ನನ್ನು ಮಾತಾಡಿಸಿದ. “ಮಂಗ್ಳೂರಿನೋರೇನ್ರಿ? ನಿಮ್ಮ ಯಜಮಾನ್ರು ಬಂದಿಲ್ಲೇನ್ರಿ?”

“ಬಂದಿಲ್ಲ. ಅವರನ್ನು ಯಾರೂ ಓಟು ಹಾಕಿ ಆರಿಸಿಲ್ಲ” ಎಂದೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. “ನಮ್ಮ ಊರಲ್ಲಿ ಇಂಥದ್ದೆಲ್ಲ ಇಲ್ಲ.” ಅವನು ರೊಟ್ಟಿ ಹಿಡಿದುಕೊಂಡು ಬೇರೆ ಸಾಲಿಗೆ ಹೋದ. ಟೀಚರ್ ನನ್ನ ಬೆನ್ನು ತಟ್ಟಿದಳು. ಆವತ್ತು ನನಗೆ ಸಿಕ್ಕಿದ ಸನ್ಮಾನ ಅದೊಂದೇ.

ಬಸ್ಸು ಮಂಗಳೂರು ತಲುಪಿ ಕೊಟ್ಟಾರದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ನಿಂತಿದ್ದಾಗ ದೊಡ್ಡಮ್ಮನ ಫೋನ್ ಬಂತು. ಅವಳು ಫೋನಿನಲ್ಲಿ ಯಾವಾಗಲೂ ಕಿರುಚುತ್ತಾಳೆ. ಆವತ್ತು ಧ್ವನಿ ಸಣ್ಣದಾಗಿತ್ತು.

“ಮಗಾ, ನೀನು ಹೀಗೆ ಮಾಡ್ತಿ ಅಂತ ನಾನು ಎಣಿಸ್ಲಿಲ್ಲ.”

“ಎಂತ ಆಯ್ತು ದೊಡ್ಡಮ್ಮ?”

“ನಿನ್ನೆ ಪಾಲಿಕೆಯವರು ಬಂದು ನಮ್ಮನ್ನು ಎಬ್ಬಿಸಿದ್ರು. ಬುಟ್ಟಿ ಎಲ್ಲ ಲಾರಿಗೆ ಹಾಕಿದ್ರು. ನಾವು ಬೊಬ್ಬೆ ಹಾಕಿದೆವು, ನಮ್ಮ ಮೆಂಬರ್ ಬರ್ಲಿ ಅಂತ. ಮೆಂಬರೇ ಒಪ್ಪಿದ್ದಾರೆ ಅಂತ ಹೇಳಿದ್ರು.”

ನಾನು ಮನೆಗೆ ಹೋಗಲಿಲ್ಲ, ಬ್ಯಾಗು ಹಿಡಿದುಕೊಂಡೇ ರಿಕ್ಷಾ ಹತ್ತಿ ಜಂಕ್ಷನ್ನಿಗೆ ಹೋದೆ. ಗೋಳಿಮರದ ಸುತ್ತ ಹೊಚ್ಚ ಹೊಸ ಕಬ್ಬಿಣದ ಬೇಲಿ. ಒಳಗೆ ಹೂವಿನ ಕುಂಡಗಳು, ಅವಕ್ಕೆ ನೆರಳು. ಹೆಂಗಸರು ರಸ್ತೆಯ ಆಚೆ ಬದಿಯಲ್ಲಿ, ಚರಂಡಿಯ ಚಪ್ಪಡಿಗಳ ಮೇಲೆ, ಸುಡುವ ಬಿಸಿಲಿನಲ್ಲಿ ಕೂತಿದ್ದರು. ಐಸು ಕರಗಿ ಭೂತಾಯಿ ಮೀನಿನ ಹೊಟ್ಟೆ ಒಡೆಯುತ್ತಿತ್ತು. ನನ್ನನ್ನು ನೋಡಿಯೂ ಯಾರೂ ಮಾತಾಡಿಸಲಿಲ್ಲ. ಒಬ್ಬಳು ಮಾತ್ರ, ನನಗೆ ಕೇಳಲಿ ಎಂದೇ, ಪಕ್ಕದವಳಿಗೆ ತುಳುವಿನಲ್ಲಿ ಹೇಳಿದಳು: ಟೂರಿಗೆ ಹೋದವರು ಬಂದರು ನೋಡು.

ಪಾಲಿಕೆಗೆ ಹೋಗಿ ಇಂಜಿನಿಯರ ಮೇಜಿಗೆ ಕೈ ಬಡಿದೆ. “ಯಾರನ್ನು ಕೇಳಿ ಎಬ್ಬಿಸಿದ್ದು?”

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಸದಸ್ಯರು ಒಪ್ಪಿದ್ದಾರಲ್ಲ ಮೇಡಂ.”

“ಯಾವ ಸದಸ್ಯರು? ಸದಸ್ಯೆ ನಾನು. ನಾನು ಊರಲ್ಲೇ ಇರಲಿಲ್ಲ.”

“ನೀವು ಊರಲ್ಲಿಲ್ಲ ಅಂತಲೇ ಸರ್‌ಗೆ ಫೋನ್ ಮಾಡಿದ್ದು. ನಿಮ್ಮ ಮನೆಯವರಿಗೆ. ಅವರು ಆಯ್ತು ಅಂದ್ರು.”

ಅವರ ದನಿಯಲ್ಲಿ ಕಳ್ಳತನವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ನನ್ನ ಫೋನು ನನ್ನ ಕೈಯಲ್ಲೇ ಇತ್ತು, ಸಿಗ್ನಲ್ಲೂ ಇತ್ತು. ಕೇಳಬೇಕಾದವರಿಗೆ ನನ್ನನ್ನು ಕೇಳಬೇಕು ಎಂದು ತೋಚಲೇ ಇಲ್ಲ.

ವರ್ಕ್‌ಶಾಪಿನಲ್ಲಿ ಇವರು ಒಂದು ಇಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದರು. ನನ್ನ ಮುಖ ನೋಡಿಯೇ ಎದ್ದು ನಿಂತರು. ಮನೆಯಲ್ಲಿ ನಾವು ಮಾತಾಡುವುದು ತುಳು, ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ರಸ್ತೆ ಬದಿ ಸ್ವಲ್ಪ ಕ್ಲೀನ್ ಮಾಡ್ಲಿಕ್ಕೆ ಉಂಟು, ನಿಮ್ಮದು ಅಬ್ಜೆಕ್ಷನ್ ಇಲ್ಲ ಅಲ್ವಾ ಅಂತ ಕೇಳಿದ ಮಾರಾಯ್ತಿ. ನಾನು ಆಯ್ತು ಅಂದೆ. ಬೇಲಿ ಗೀಲಿ ಅಂತ ಅವನು ಹೇಳ್ಲೇ ಇಲ್ಲ.”

“ನಿಮ್ಮನ್ನು ಯಾಕೆ ಕೇಳಿದ?”

“ನೀನು ಅಷ್ಟು ದೂರ ಹೋಗಿದ್ದಿ. ಎಂತಕ್ಕೆ ತೊಂದರೆ ಕೊಡುವುದು ಅಂತ ನಾನೂ…”

“ಅವಳನ್ನೇ ಕೇಳಿ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?”

ಇವರು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಇವರು ಕೆಟ್ಟವರಲ್ಲ. ಟವೆಲಿನ ಕುರ್ಚಿಯಲ್ಲಿ ಕೂರುವ ಆಸೆ ಇವರಿಗೆ ಕನಸಿನಲ್ಲೂ ಬಂದಿಲ್ಲ. ಆದರೆ ‘ಸರ್’ ಎಂದು ಒಬ್ಬ ಅಧಿಕಾರಿ ಮೆತ್ತಗೆ ಕೇಳಿದಾಗ ‘ಆಯ್ತು’ ಎಂದು ಬಾಯಿಗೆ ಬಂತು. ಅಷ್ಟು ಸಲೀಸಾಗಿ ಬಂತು. ಘಟ್ಟದ ಮೇಲಿನವರ ಕಾಯಿಲೆ ಎಂದಿದ್ದೆನಲ್ಲ, ಅದು ನನ್ನ ಮನೆಯಲ್ಲೇ ಊಟ ಮಾಡಿಕೊಂಡು ಇತ್ತು.

ಆಮೇಲಿನ ದಿನಗಳಲ್ಲಿ ನಾನು ಪಾಲಿಕೆಯ ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಬೇಲಿ ತೆಗೆಯಬೇಕಾದರೆ ಪತ್ರ ಕೊಡಿ ಎಂದರು, ಕೊಟ್ಟೆ. ಪರಿಶೀಲನೆ ಆಗಬೇಕು ಎಂದರು. ಸಭೆಯಲ್ಲಿ ವಿಷಯ ಬರಲಿ ಎಂದರು. ಸಭೆಯಲ್ಲಿ ನಾನು ಕಿರುಚಿದೆ. ಪಕ್ಷ ಮರೆತು ಟೀಚರ್ ನನ್ನ ಜೊತೆ ಎದ್ದು ನಿಂತಳು, ಅದಕ್ಕೆ ಅವಳ ಪಕ್ಷದವರು ಅವಳಿಗೆ ಬೈದರು. ವಿಷಯ ಮುಂದಿನ ಸಭೆಗೆ ಹೋಯಿತು. ಬೇಲಿ ಹಾಕಲು ಒಂದು ‘ಆಯ್ತು’ ಸಾಕಾಗಿತ್ತು, ತೆಗೆಯಲು ಇಡೀ ಪಾಲಿಕೆ ಯೋಚಿಸಬೇಕಿತ್ತು. ಅಷ್ಟರಲ್ಲಿ ಬಿಸಿಲಿಗೆ ಕೂತ ಹೆಂಗಸರಲ್ಲಿ ಒಬ್ಬಳು ತಲೆ ತಿರುಗಿ ಚಪ್ಪಡಿಯ ಮೇಲೆ ಬಿದ್ದಳು. ಕೆಲವರು ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಕೂರಲು ಹೋದರು, ಅಲ್ಲಿಯವರು ಜಾಗ ಬಿಡದೆ ವಾಪಸು ಕಳಿಸಿದರು. ನಾನು ದಿನಾ ಹೋಗಿ ಅವರ ಜೊತೆ ಚಪ್ಪಡಿಯ ಮೇಲೆ ಕೂತೆ. ಪತ್ರಿಕೆಯವರಿಗೂ ಹೇಳಿದೆ. ಒಳಪುಟದಲ್ಲಿ ಸಣ್ಣ ಸುದ್ದಿ ಬಂತು: ‘ಮೀನು ಮಾರಾಟಗಾರರ ಸಮಸ್ಯೆ: ಸದಸ್ಯರ ಆಕ್ರೋಶ.’

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬೇಲಿ ಇಲ್ಲ. ಕುಂಡಗಳು ಗೋಡೆಯ ಮೂಲೆಗೆ ಸರಿದಿದ್ದವು. ಹೆಂಗಸರು ಮರದಡಿ ಬುಟ್ಟಿ ಹರಡಿಕೊಂಡು ಗಲಗಲ ಮಾತಾಡುತ್ತಿದ್ದರು. ಗೋಡೆಯ ಆಚೆ ತುದಿಯಲ್ಲಿ, ನನ್ನ ಕಣ್ಣನ್ನೇ ನಂಬಲಾಗಲಿಲ್ಲ, ಒಂದು ಮೊಬೈಲ್ ಶೌಚಾಲಯ ನಿಂತಿತ್ತು. ಚಕ್ರದ್ದು, ನೀಲಿ ಬಣ್ಣದ್ದು. ಬಾಗಿಲು ತೆರೆದಿತ್ತು, ನೀರಿನ ಡ್ರಮ್ಮೂ ಇತ್ತು. ನಾನು ಗೆದ್ದೆ ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ರಸ್ತೆ ಬದಿಯಲ್ಲಿ ನಿಂತು ಅತ್ತೆ.

“ಬಾ ಮಗಾ, ಬಾ” ಎಂದು ದೊಡ್ಡಮ್ಮ ಕರೆದಳು. ಹಳೆಯ ಧ್ವನಿ ಮರಳಿತ್ತು. “ನೋಡು, ಎಲ್ಲ ಆಯ್ತು. ಅಳಿಯ ಮಾಡಿಸಿ ಕೊಟ್ಟ.”

“ಯಾರು?”

“ನಮ್ಮ ಅಳಿಯ. ನಿನ್ನೆ ನೀನು ಹೋದ ಮೇಲೆ ಇಲ್ಲಿ ಬಂದಿದ್ದ. ನಮ್ಮನ್ನು ನೋಡಿ ಅವನಿಗೆ ಬೇಜಾರಾಯ್ತು. ಇಲ್ಲೇ ನಿಂತು ಇಂಜಿನಿಯರಿಗೆ ಫೋನ್ ಮಾಡಿದ. ಏನೋ ಸ್ವಲ್ಪ ಜೋರು ಮಾಡಿದ. ರಾತ್ರಿ ಬೆಳಗಾಗುವಾಗ ಬೇಲಿ ಇಲ್ಲ! ಕಕ್ಕಸೂ ಕೇಳಿ ತರಿಸಿದ್ದಾನೆ. ದೇವರಂಥ ಜನ.”

ಉಳಿದ ಹೆಂಗಸರೂ ಹೌದು ಹೌದು ಎಂದರು. ನಾನು ಬಿಸಿಲಿನಲ್ಲಿ ಅವರ ಜೊತೆ ಕೂತದ್ದು, ಪತ್ರ ಕೊಟ್ಟದ್ದು, ಕಿರುಚಿದ್ದು ಅವರಿಗೆ ಮರೆತಿರಲಿಲ್ಲ. “ನೀನೂ ಪಾಪ ಎಷ್ಟು ತಿರುಗಿದಿ” ಎಂದು ಒಬ್ಬಳು ಹೇಳಿದಳು. ನಾನು ಮಾದರಿ ಹುಡುಕಿಕೊಂಡು ಘಟ್ಟ ಹತ್ತಿ ಇಳಿದ ಆ ಕಕ್ಕಸು ನನ್ನ ಗಂಡನ ಒಂದು ಫೋನಿಗೆ ಚಕ್ರ ಹಾಕಿಕೊಂಡು ಬಂದು ನಿಂತಿತ್ತು. ಯಾರ ಮೇಲೆ ಸಿಟ್ಟು ಮಾಡಲಿ? ಇವರು ಮಾಡಿದ ತಪ್ಪನ್ನು ಇವರೇ ಸರಿ ಮಾಡಿದ್ದರು. ನನಗೆ ಹೇಳಲಿಲ್ಲ, ಹೇಳಿದರೆ ನಾನು ಬೇಡ ಎನ್ನುತ್ತಿದ್ದೆ ಎಂದು ಇವರಿಗೆ ಗೊತ್ತಿತ್ತು. ಇಂಜಿನಿಯರು ಕೆಲಸ ಮಾಡಿಕೊಟ್ಟಿದ್ದರು. ಹೆಂಗಸರಿಗೆ ನೆರಳು ಸಿಕ್ಕಿತ್ತು, ಒಬ್ಬಳು ನನ್ನ ಕಣ್ಣೆದುರೇ ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಬೇಲಿ ಮತ್ತೆ ಹಾಕಿ, ನಾನು ಹೇಳಿದ ಮೇಲೆ ತೆಗೆಯಿರಿ ಎಂದು ಹೇಳಲು ಬರುತ್ತದೆಯೇ? ನಾಲಿಗೆ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಉರಿಯುತ್ತಾ ಇಳಿಯಿತು.

ದೊಡ್ಡಮ್ಮ ಬುಟ್ಟಿಯ ಅಡಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ತನ್ನ ಫೋನು ತೆಗೆದು, ಸೀರೆಯ ಸೆರಗಿಗೆ ಒರೆಸಿ, ನನ್ನ ಕೈಗೆ ಕೊಟ್ಟಳು.

“ಮಗಾ, ಇದರಲ್ಲಿ ಅಳಿಯನ ನಂಬರ್ ಒಂದು ಹಾಕಿ ಕೊಡು. ಡ್ರಮ್ಮಿಗೆ ದಿನಾ ನೀರು ತುಂಬಿಸ್ಲಿಕ್ಕೆ ಹೇಳ್ಬೇಕು.”

“ನನ್ನ ನಂಬರ್ ಉಂಟಲ್ಲ ನಿಮ್ಮ ಹತ್ರ. ನನಗೆ ಹೇಳಿ.”

“ನಿನ್ನದು ಉಂಟು. ನಿನಗೆ ಮೀಟಿಂಗ್ ಗೀಟಿಂಗ್ ಇರ್ತದೆ. ಅವನದ್ದು ಕೊಡು.”

ನನ್ನ ಕೈಯಲ್ಲಿ ಅವಳ ಫೋನು, ಅದಕ್ಕೆ ಮೀನಿನ ವಾಸನೆ. ನಾನು ಅಮುಕಲಿಲ್ಲ. ಕೊಡುವುದಿಲ್ಲ ಎಂದೆ. ಜೋರಾಗಿಯೇ ಹೇಳಿದೆ, ಮುಖ ಬಿಸಿಯಾದದ್ದು ನನಗೇ ಗೊತ್ತಾಯಿತು.

ದೊಡ್ಡಮ್ಮ ಕೆಂಪಾದ ನನ್ನ ಮುಖ ನೋಡಿದಳು. ಆಮೇಲೆ ಪಕ್ಕದವಳ ತೊಡೆಗೆ ಹೊಡೆದು, “ಇಷ್ಟು ವರ್ಷ ಆಯ್ತು, ಗಂಡನ ನಂಬರ್ ಕೊಡ್ಲಿಕ್ಕೆ ಇವಳಿಗೆ ಇನ್ನೂ ನಾಚಿಕೆ!” ಎಂದಳು.

ಗೋಳಿಮರದ ಕೆಳಗೆ, ತಮ್ಮ ತಮ್ಮ ಜಾಗದಲ್ಲಿ ಕೂತು, ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.